ಗಂಟಿನವಳ ಕೊರಳಿಗೆ ಕಲ್ಲು

ನಮ್ಮೂರಲ್ಲಿ ದುಡ್ಡು ಹೊಳೆ ದಾಟಲ್ಲ.

ದಾಟಲ್ಲ ಅಂದ್ರೆ ದಾಟಲ್ಲ, ಅಷ್ಟೇ. ಆಚೆ ದಡದ ನಾಣ್ಯ ಮುಷ್ಟೀಲಿ ಬಿಗಿಯಾಗಿ ಹಿಡ್ಕೊಂಡು ಸೇತುವೆ ಮೇಲೆ ಬನ್ನಿ. ಅರ್ಧ ಸೇತುವೆಗೆ ಮುಷ್ಟಿ ತಣ್ಣಗಾಗುತ್ತೆ. ಬಿಚ್ಚಿದ್ರೆ ಒಳಗೆ ಬೆಣಚುಕಲ್ಲು. ಈಚೆಯಿಂದ ಆಚೆಗೆ ಹೋದ್ರೂ ಅದೇ ಕತೆ. ಇದು ಹೊಳೆಗೆ ಹತ್ತಿದ ಶಾಪವೋ ನಾಣ್ಯಕ್ಕೆ ಹತ್ತಿದ ಶಾಪವೋ ನಂಗೊತ್ತಿಲ್ಲ. ನಮ್ಮಜ್ಜಿಗೂ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಊರಿಗೆಲ್ಲ ಸಾರದೆ ಇರೋಳಲ್ಲ ಅವಳು. ಅವಳ ಬಾಯೇ ನನಗೆ ಬಂದಿರೋದು ಅಂತಾರೆ ಜನ. ಅಂದ್ಕೊಳ್ಲಿ.

ದುಡಿಮೆ ಆಚೆ ದಡದಲ್ಲಿ. ಒಲೆ ಈಚೆ ದಡದಲ್ಲಿ. ಆಚೆ ಒಂದು ಬೆಟ್ಟ ಇದೆ, ಅದನ್ನ ಒಡೀತಾರೆ. ಬೆಟ್ಟಕ್ಕೆ ಹೋದ ಗಂಡಸು ಬೆಟ್ಟ ಮುಗಿಯೋವರೆಗೂ ವಾಪಸ್ ಬರೋ ಹಾಗಿಲ್ಲ. ಬೆಟ್ಟ ಮುಗಿಯೋದೂ ಇಲ್ಲ. ಕೆಲಸದ ಮೇಲೆ ಓಡಾಡೋರಿಗೆ ಆ ದಡ ಸಿಗುತ್ತೆ, ನಾವು ಗಂಡಂದಿರನ್ನ ನೋಡ್ಕೊಂಡು ಬರೋಣ ಅಂತ ಹೊರಟ್ರೆ ಆಚೆ ದಡ ಹಿಂದಕ್ಕೆ ಹಿಂದಕ್ಕೆ ಸರಿಯುತ್ತೆ, ಕಾಲು ಸೋತು ತಿರುಗಿದ್ರೆ ನಮ್ಮನೆ ಬಾಗಿಲಲ್ಲೇ ಇರ್ತೀವಿ. ನನ್ನ ಗಂಡನೂ ಅಲ್ಲೇ ಇದಾನೆ. ಅವನ ಗೊರಕೆ ಇಲ್ಲದೆ ಮನೆ ಸ್ವಲ್ಪ ದೊಡ್ಡದಾಗಿದೆ.

ದುಡ್ಡು ದಾಟಲ್ಲ, ಆದ್ರೆ ಗಂಟು ದಾಟುತ್ತೆ. ಗಂಟು ಅಂದ್ರೆ ಒಳಗೇನೋ ಕಟ್ಟಿದ್ದಲ್ಲ. ಬರೀ ಸೆರಗಿನ ಗಂಟು. ಅದನ್ನ ಹೊರೋಳಿಗೆ ಗಂಟಿನವಳು ಅಂತೀವಿ, ಅವಳಿಗೆ ಆಚೆ ದಡದಲ್ಲಿ ಒಂದು ಕುಡಿಕೆ, ಈಚೆ ದಡದಲ್ಲಿ ಒಂದು ಕುಡಿಕೆ. ನನ್ನ ಗಂಡ ಆಚೆ ಕುಡಿಕೆಗೆ ದುಡ್ಡು ಹಾಕಿ, ಗಂಟಿನವಳ ಸೆರಗಿನ ಅಂಚಿಗೆ ತನ್ನ ಕೈಯಾರೆ ಗಂಟು ಹಾಕ್ತಾನೆ. ಎಷ್ಟು ಸುತ್ತೋ ಅಷ್ಟು ದುಡ್ಡು. ಅವಳು ಅದನ್ನ ಹೊತ್ಕೊಂಡು ನಡೀತಾಳೆ. ನಾನು ನನ್ನ ಕೈಯಾರೆ ಬಿಚ್ತೀನಿ. ಬಿಚ್ಚಿದ ಮೇಲೆ ಈಚೆ ಕುಡಿಕೆಯಿಂದ ಅಷ್ಟು ದುಡ್ಡು ನನ್ನ ಮಡಿಲಿಗೆ. ಈಚೆ ಕುಡಿಕೆ ತುಂಬೋದು ಹೆಂಗೆ ಅಂತೀರಾ? ಉಪ್ಪಿನ ಅಂಗಡಿಯವನು ಆಚೆಯಿಂದ ದೋಣೀಲಿ ಉಪ್ಪು ತರಿಸ್ತಾನೆ. ಅದರ ದುಡ್ಡು ಈಚೆ ಕುಡಿಕೆಗೆ ಹಾಕಿ ಅವನೂ ಒಂದು ಗಂಟು ಕಟ್ತಾನೆ, ಉಪ್ಪು ಕೊಟ್ಟೋರು ಆಚೆ ಕುಡಿಕೆಯಿಂದ ತಗೋತಾರೆ. ಹಿಂಗೆ ಯಾವ ನಾಣ್ಯವೂ ಇದ್ದ ಜಾಗ ಬಿಟ್ಟು ಏಳಲ್ಲ. ಎದ್ದು ಓಡಾಡೋದು ಒಬ್ಬಳು ಹೆಂಗಸು.

ಒಂದೊಂದು ಮನೆಗೆ ಒಂದೊಂದು ಗಂಟು. ನಮ್ಮನೇದು ಇಲಿಕಿವಿ ಹಾಗೆ. ಕುಂಬಾರರ ಮನೇದು ಹುಣಸೆಬೀಜದ ಹಾಗೆ, ಪುಟ್ಟದು, ಬಿಗಿ. ಹೊತ್ತು ತಂದವಳು ಗಂಟು ಮುಟ್ಟೋ ಹಾಗಿಲ್ಲ. ಹೊಸ್ತಿಲ ಹೊರಗೆ ನಿಂತು ಸೆರಗು ಚಾಚ್ತಾಳೆ. "ಕಟ್ಟಿದ ಕೈ ಚೆನ್ನಾಗಿದೆ" ಅಂತಾಳೆ. ಮನೆಯವಳು ಬಿಚ್ತಾ, "ಬಿಚ್ಚಿದ ಕೈಯೂ ಚೆನ್ನಾಗಿದೆ" ಅಂತಾಳೆ. ಬಿಚ್ಚಿದ ಬಟ್ಟೆ ಸುಕ್ಕುಸುಕ್ಕಾಗಿ ಇರುತ್ತಲ್ಲ, ಆ ಸುಕ್ಕನ್ನ ಕಣ್ಣಿಗೆ ಒತ್ಕೋತಾಳೆ. ಇಷ್ಟು ಆದ್ರೆ ದುಡ್ಡು ಬಂದ ಹಾಗೆ, ಗಂಡ ಬದುಕಿದ ಹಾಗೆ.

ಹಿಂದೆ ಗಂಟಿನೋರು ಬೇಕಾದಷ್ಟು ಜನ ಇದ್ರು. ಗಂಡಸರು ಹೆಗಲ ವಲ್ಲಿಗೆ ಕಟ್ಟಿಸ್ಕೋತಿದ್ರು, ಹೆಂಗಸರು ಸೆರಗಿಗೆ. ಅವರಲ್ಲಿ ಒಬ್ಬ ಈಚೆ ಕುಡಿಕೆ ಬಗಲಲ್ಲಿ ಇಟ್ಕೊಂಡು ಊರೇ ಬಿಟ್ಟ. ಸುಳ್ಳು ಹೇಳಲ್ಲ ನಾನು, ಆಗ ಚಾವಡಿ ಮುಂದೆ ಹೋಗಿ ಎದೆ ಬಡ್ಕೊಂಡೋರು ನಾವೇ. "ಬುದ್ಧೀ, ಏನಾದ್ರೂ ಮಾಡಿ" ಅಂದೋರು ನಾವೇ.

ಚಾವಡಿಯವನು ಏನೋ ಮಾಡಿದ. ತಮಟೆ ಹೊಡೆಸಿದ. ಇನ್ಮೇಲೆ ಗಂಟು ಹೊರೋರು ಕೊರಳಿಗೆ ಅಪ್ಪಣೆ ಕಲ್ಲು ಕಟ್ಕೋಬೇಕು. ಕಲ್ಲು ಎಷ್ಟು ತೂಗುತ್ತೋ ಅಷ್ಟು ತೂಕದ ನಾಣ್ಯ ಚಾವಡಿ ತಕ್ಕಡಿಗೆ ಹಾಕ್ಬೇಕು. ಬೇವು ಚಿಗುರಿದಾಗೆಲ್ಲ ಹಳೇ ಕಲ್ಲು ಕೊಟ್ಟು ಹೊಸದು ತಗೋಬೇಕು.

ಮೊದಲನೇ ಕಲ್ಲು ಅಡಿಕೆಯಷ್ಟಿತ್ತು. ಚೆಂದ ಕಾಣ್ತಿತ್ತು, ನಿಜ ಹೇಳ್ತೀನಿ. ಗಂಟಿನೋರು ಅದನ್ನ ಎಣ್ಣೆ ಹಚ್ಚಿ ಉಜ್ಜಿ, ಒಡವೆ ಹಾಗೆ ತೋರಿಸ್ಕೊಂಡು ತಿರುಗಿದ್ರು. ಬೇವು ಚಿಗುರಿತು, ಕಲ್ಲು ನಿಂಬೆಹಣ್ಣಿನಷ್ಟಾಯ್ತು. ಬೇವು ಚಿಗುರಿತು, ಕಲ್ಲು ತೆಂಗಿನಕಾಯಿಯಷ್ಟಾಯ್ತು. ಯಾಕೆ ಬುದ್ಧಿ ಅಂತ ಕೇಳಿದ್ರೆ, "ಕಲ್ಲು ದೊಡ್ಡದಾದಷ್ಟೂ ನಂಬಿಕೆ ದೊಡ್ಡದಾಗುತ್ತೆ" ಅಂದ. ಅದನ್ನ ಕೇಳಿ ಆಚೆ ದಡದ ಚಾವಡಿಗೂ ಆಸೆ ಬಂತು. "ನಮ್ಮ ದಡಕ್ಕೆ ಕಾಲಿಡೋಕೆ ನಮ್ಮದೂ ಒಂದು ಕಲ್ಲು ಬೇಕು" ಅಂದ್ರು. ಈಚೆ ನಡೆಯೋವಾಗ ಇದು ಎದೆ ಮೇಲೆ, ಆಚೆ ನಡೆಯೋವಾಗ ಅದು ಬೆನ್ನ ಮೇಲೆ.

ಗಂಟಿನೋರು ಒಬ್ಬೊಬ್ಬರೇ ಕೂತ್ರು. ವಲ್ಲಿ ಹೊದೀತಿದ್ದ ಮುದುಕ ಕಲ್ಲು ಕಟ್ಕೊಂಡು ಹೊಸ್ತಿಲ ಮೇಲೆ ಸ್ವಲ್ಪ ದಣಿವಾರಿಸ್ಕೋತೀನಿ ಅಂತ ಕೂತವನು ಕೂತಲ್ಲೇ ಮಣ್ಣಿಗೆ ಇಳೀತಾ ಹೋದ. ಈಗ ಸೊಂಟದವರೆಗೂ ಭೂಮಿಯೊಳಗಿದಾನೆ. ಮಾತಾಡಿಸಿದ್ರೆ ಮಾತಾಡ್ತಾನೆ. "ಅಪ್ಪಣೆ ಇದೆ ಕಣಮ್ಮ ನಂಗೆ, ಅಪ್ಪಣೆ ಇದೆ" ಅಂತಾನೆ.

ಬೆಳೆದೋನು ಒಬ್ಬನೇ, ಗಾಡಿ ಧಣಿ. ಅವನ ಕಲ್ಲನ್ನ ಎತ್ತಿನ ಗಾಡಿ ಹೊರುತ್ತೆ. ಅವನು ಕೂತ್ಕೊಂಡು ಎಲೆ ಅಡಿಕೆ ಹಾಕ್ತಾನೆ. ಅವನಿಗೂ ಆಚೆ ಒಂದು ಕುಡಿಕೆ, ಈಚೆ ಒಂದು ಕುಡಿಕೆ ಇದೆ, ಆದ್ರೆ ಗಂಟು ಕಟ್ಟಿಸ್ಕೊಳ್ಳಲ್ಲ. ಅವನ ಆಳು ಆಚೆ ಬೆಟ್ಟದಲ್ಲಿ ಯಾರದು ಎಷ್ಟು ಅಂತ ಕೂಗಿ ಕೇಳ್ಕೊಂಡು ಬರ್ತಾನೆ, ಈಚೆ ದುಡ್ಡು ಎಣಿಸಿ ಎಸೀತಾನೆ. ಎಸೆಯೋ ಮುಂಚೆ ಕಲ್ಲಿಗೆ ಅಂತ ಒಂದಿಷ್ಟು, ಎತ್ತಿಗೆ ಅಂತ ಒಂದಿಷ್ಟು, ತಾನು ಕೂತಿದ್ದಕ್ಕೆ ಅಂತ ಒಂದಿಷ್ಟು ಮುರ್ಕೋತಾನೆ.

ನಡೆಯೋಳು ಒಬ್ಬಳೇ ಉಳಿದ್ಲು. ಗಂಟಿನವಳು. ನಮಗೂ ಅವಳಿಗೂ ಒಂದೇ ಗೋಡೆ.

ಅವಳ ಮೇಲೆ ನನಗೇನೂ ಪ್ರೀತಿ ಉಕ್ಕಿ ಹರೀತಿಲ್ಲ, ತಿಳ್ಕೊಳ್ಳಿ. ಅವಳ ಕೋಳಿ ನನ್ನ ಕೊತ್ತಂಬರಿ ಮಡಿ ಕೆದರುತ್ತೆ. ಬೈದ್ರೆ ವಾಪಸ್ ಬೈಯಲ್ಲ, ನಗ್ತಾಳೆ, ಅದಕ್ಕೇ ನಂಗೆ ಉರಿ. ಒಂದು ಗಂಟಿಗೆ ಒಂದು ಕಾಸು ಇಸ್ಕೋತಾಳೆ. ಕಲ್ಲು ನಿಂಬೆಹಣ್ಣಾಗಿದ್ದಾಗಲೂ ಒಂದು ಕಾಸು, ತೆಂಗಿನಕಾಯಾದಾಗಲೂ ಒಂದು ಕಾಸು. ಬೆಪ್ಪಿ.

ಈ ಸಲ ಬೇವು ಚಿಗುರಿದಾಗ ಚಾವಡಿಯಿಂದ ನಾಲ್ಕಾಳು ಕಲ್ಲು ಹೊತ್ತು ತಂದು ಅವಳ ಅಂಗಳದಲ್ಲಿ ಇಳಿಸಿದ್ರು. ನಾನು ಗೋಡೆ ಮೇಲಿಂದ ಇಣುಕಿದೆ. ಒರಳುಕಲ್ಲಿನಷ್ಟಿತ್ತು. ಅದಕ್ಕೆ ಹಗ್ಗ ಬೇರೆ ಕಟ್ಟಿತ್ತು, ಕೊರಳಿಗೆ ಹಾಕ್ಕೊಳ್ಳೋಕೆ.

"ಏನೇ ಇದು," ಅಂದೆ, "ತಾಳಿ ಕಟ್ಟಿದೋನು ಕೂಡ ಇಷ್ಟು ಭಾರ ಹಾಕ್ಲಿಲ್ವಲ್ಲೇ ನಿನ್ನ ಕುತ್ತಿಗೆಗೆ!"

"ಅವನು ಬಡವ ಕಣಕ್ಕ," ಅಂದ್ಲು.

"ದುಡ್ಡು ಎಲ್ಲಿಂದ ತಂದೆ ಇದಕ್ಕೆ?"

"ಓಲೆ ಹಾಕ್ದೆ ತಕ್ಕಡಿಗೆ. ಕಾಲುಂಗುರ ಹಾಕ್ದೆ. ತಕ್ಕಡಿ ಮೇಲೇಳ್ಲಿಲ್ಲ. ಹಸು ಮಾರಿ ಹಾಕ್ದೆ, ಆಗ ಎದ್ದಿತು."

"ಗಂಟಿಗೆ ಇನ್ನೆರಡು ಕಾಸು ಜಾಸ್ತಿ ಇಸ್ಕೊಳ್ಳೇ."

"ಇಸ್ಕೊಂಡ್ರೆ ನೀನು ಕೊಡ್ತೀಯಾ?"

ನಾನು ಗೋಡೆ ಇಳಿದು ಒಳಗೆ ಹೋದೆ. ಒಲೆ ಮೇಲೆ ಸಾರು ಇತ್ತು.

ಆ ಸಂಜೆ ಕುಂಬಾರರ ಸೊಸೆ ಗಂಟಿನವಳ ಅಂಗಳಕ್ಕೆ ಬಂದ್ಲು. ಹೊಟ್ಟೆ ಮುಂದೆ, ಅವಳು ಹಿಂದೆ. ದಿನ ತುಂಬಿದ ಹುಡುಗಿ. ಆಚೆ ಬೆಟ್ಟದ ಒಂದು ಮಗ್ಗುಲು ಕುಸಿದಿದೆ ಅಂತ ಸುದ್ದಿ ಬಂದಿತ್ತು, ಅಂದಿನಿಂದ ಅವಳಿಗೆ ಗಂಟು ಬಂದಿರ್ಲಿಲ್ಲ. ಗಂಟಿನವಳು ಹೊಸ ಕಲ್ಲಿಗೆ ದುಡ್ಡು ಹೊಂದಿಸ್ತಾ ಮನೇಲೇ ಇದ್ಲು, ಹೊಳೆ ದಾಟಿರ್ಲಿಲ್ಲ. ಹುಡುಗಿ ಮುಷ್ಟಿ ಬಿಚ್ಚಿದ್ಲು. ಒಳಗೆ ನಾಣ್ಯ.

"ಗಾಡಿ ಧಣಿ ಆಳು ಕೊಟ್ಟ ಚಿಕ್ಕಮ್ಮ. ನಿನ್ನ ಗಂಡಂದು ಅಂದ. ಅವರು ಹೆಂಗಿದಾರೆ ಅಂದೆ. ದುಡ್ಡು ಬಂದಿಲ್ವಾ, ಇನ್ನೇನು ಅಂದ. ಕೈ ನೋಡಿದ್ಯಾ ಅಂದೆ. ನಾನ್ಯಾಕೆ ಕೈ ನೋಡ್ಲಿ, ನಾನೇನು ಕಣಿ ಹೇಳೋನಾ ಅಂದ."

ಅವಳು ಅಳ್ಲಿಲ್ಲ. ನಾಣ್ಯಗಳನ್ನ ಕಲ್ಲಿನ ಮೇಲೆ ಇಟ್ಲು, ಹುಳ ಕಂಡವಳ ಹಾಗೆ ಕೈ ಸೀರೆಗೆ ಒರೆಸ್ಕೊಂಡ್ಲು.

"ಸತ್ತೋರ ಕೂಲೀನೂ ಹಿಂಗೇ ಎಣಿಸಿ ಕೊಡ್ತಾರಂತೆ. ನಂಗೆ ಗಂಟು ಬೇಕು ಚಿಕ್ಕಮ್ಮ. ಮಗು ಬರೋ ಮುಂಚೆ ಬೇಕು. ಬಿಚ್ಚಿದ ಕೈಯಲ್ಲೇ ಎತ್ಕೋಬೇಕು ಅದನ್ನ."

ಗಂಟಿನವಳು ಕಲ್ಲು ನೋಡಿದ್ಲು, ಹುಡುಗಿ ಹೊಟ್ಟೆ ನೋಡಿದ್ಲು. "ತರ್ತೀನಿ ಹೋಗು," ಅಂದ್ಲು.

ಬೆಳಗ್ಗೆ ಅವಳು ಕಲ್ಲು ಕೊರಳಿಗೆ ಹಾಕ್ಕೊಂಡ್ಲು. ನಾವೆಲ್ಲ ಬೀದೀಲಿ ನಿಂತು ನೋಡಿದ್ವಿ. ಹಿಡಿದು ಎತ್ತೋಕೆ ಹೋದ್ರೆ ಚಾವಡಿ ಆಳು, "ಅಪ್ಪಣೆ ಇಲ್ಲದೋರು ಕಲ್ಲು ಮುಟ್ಟಬಾರದು" ಅಂದ. ಒಂದು ಹೆಜ್ಜೆ ಇಟ್ಲು, ಊರು ಒಂದು ಸಲ ಉಸಿರು ಬಿಡ್ತು. ಇನ್ನೊಂದು ಹೆಜ್ಜೆ ಇಟ್ಲು, ಕಾಲು ಹಿಮ್ಮಡಿ ಮುಳುಗೋವರೆಗೂ ಮಣ್ಣಿಗಿಳೀತು. ಕಿತ್ತು ಇಟ್ಲು. ಇಳೀತು. ಕಿತ್ತು ಇಟ್ಲು. ಹಿಂಗೆ ಸೇತುವೆ ಬಾಗಿಲಿಗೆ ಬರೋ ಹೊತ್ತಿಗೆ ನೆತ್ತಿ ಮೇಲೆ ಬಿಸಿಲು. ಅವಳ ಹಿಂದೆ ಬೀದಿ ಉದ್ದಕ್ಕೂ ಗುಂಡಿ, ಬಾಳೆಗಿಡ ನೆಡೋಕೆ ತೋಡಿದ ಹಾಗೆ.

ಬಾಗಿಲ ಹತ್ರ ಕಾವಲಿನವನು ಕೂತಿದ್ದ. ಅವಳು ಅವನ ಮುಂದೆ ನಿಂತ್ಲು. ಕೊರಳಿಂದ ಹಗ್ಗ ತೆಗೆದ್ಲು. ಕಲ್ಲನ್ನ ಅವನ ಕಾಲ ಹತ್ರ ಕೆಳಗಿಟ್ಲು, ಮಲಗಿದ ಮಗುವನ್ನ ಇಡೋ ಹಾಗೆ ನಿಧಾನಕ್ಕೆ.

"ಏಯ್, ಏನಿದು?" ಅಂದ ಅವನು.

"ಅಪ್ಪಣೆ ಕಲ್ಲು ಕಣಣ್ಣ. ನಂದೇ. ದುಡ್ಡು ಕಟ್ಟಿದೀನಿ."

"ಹೊತ್ಕೋ ಮತ್ತೆ."

"ಹೊತ್ಕೊಂಡ್ರೆ ನಡೆಯೋಕಾಗಲ್ಲ. ನಡೆಯೋದಕ್ಕೆ ಅಂತ ತಾನೆ ಕೊಟ್ಟಿದ್ದು? ಇಲ್ಲಿರ್ಲಿ. ನೋಡ್ಕೊಂಡಿರು. ಸರ್ಕಾರದ ಮಾಲು, ಕಳೆದುಹೋದ್ರೆ ನಿನ್ನ ತಲೆ."

ಅಂದವಳೇ ಸೇತುವೆ ಹತ್ತಿದ್ಲು. ಸೆರಗಿನ ತುದೀಲಿ ಉಪ್ಪಿನ ಅಂಗಡಿಯವನ ಗಂಟು ಆಡ್ತಿತ್ತು. ಕಾವಲಿನವನು ಎದ್ದ. ಅವಳ ಹಿಂದೆ ಓಡಿದ್ರೆ ಕಲ್ಲು ಬಿಡ್ಬೇಕು, ಕಲ್ಲು ಕಾದ್ರೆ ಅವಳನ್ನ ಬಿಡ್ಬೇಕು. ಅವಳ ಕಡೆ ನೋಡಿದ, ಕಲ್ಲಿನ ಕಡೆ ನೋಡಿದ, ನಮ್ಮ ಕಡೆ ನೋಡಿದ.

"ಕೂತ್ಕೋ ತಂದೆ ಕೂತ್ಕೋ," ಅಂದೆ ನಾನು, "ನೀನು ಹೋದ್ರೆ ಯಾರಾದ್ರೂ ಜೇಬಿಗೆ ಹಾಕ್ಕೊಂಡು ಹೋಗ್ತಾರೆ."

ಕೂತ. ಪಾಪ, ಕಲ್ಲಿನ ಮೇಲೆ ಕೈ ಇಟ್ಕೊಂಡೇ ಕೂತ.

ಅವಳು ವಾಪಸ್ ಬರೋ ದಿನಕ್ಕೆ ಸುದ್ದಿ ಚಾವಡಿಗೆ ಮುಟ್ಟಿತ್ತು. ಮುಟ್ಟಿಸ್ದೋನು ಗಾಡಿ ಧಣಿ ಅಂತ ನಾನು ಹೇಳಲ್ಲ. ಆದ್ರೆ ಅವತ್ತು ಅವನ ಗಾಡಿ ಚಾವಡಿ ಮುಂದೆ ನಿಂತಿತ್ತು, ಎತ್ತು ಸಗಣಿ ಹಾಕಿತ್ತು, ಇನ್ನೂ ಹಸಿ ಇತ್ತು. ನೋಡಿದೋರು ನೋಡಿದ್ದೀವಿ.

ಚಾವಡಿಯವನೇ ಖುದ್ದು ಬಂದ. ಸೇತುವೆ ಬಾಗಿಲಿಗೆ ಅಡ್ಡ ನಿಂತ. ಪಕ್ಕದಲ್ಲಿ ಕತ್ತರಿ ಹಿಡಿದ ಆಳು. ಊರ ಹೆಂಗಸರೆಲ್ಲ ಸೇರಿದ್ವಿ. ಕುಂಬಾರರ ಸೊಸೆ ಸೊಂಟ ಹಿಡ್ಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ಲು. ಬರಬೇಡ ಅಂದಿದ್ದೆ ನಾನು. ನನ್ನ ಮಾತು ಯಾರು ಕೇಳ್ತಾರೆ.

ಗಂಟಿನವಳು ಬಂದ್ಲು. ಆಚೆ ದಡದ ಕಲ್ಲನ್ನೂ ಅಲ್ಲಿನ ಕಾವಲಿನವನ ಕಾಲ ಹತ್ರ ಇಟ್ಟು ಬಂದಿದ್ಲಂತೆ. ಕೊರಳು ಖಾಲಿ. ಸೆರಗು ತುಂಬ ಗಂಟು. ಮುತ್ತುಗದ ಮೊಗ್ಗು ಕಟ್ಟಿದ ಹಾಗೆ ಸೆರಗು ಜೋತಾಡ್ತಿತ್ತು. ಗಾಳಿ ಬೀಸಿದ್ರೂ ಹಾರ್ಲಿಲ್ಲ.

"ಕಲ್ಲಿಲ್ಲದೆ ಗಂಟು ಹೊತ್ತಿದ್ದೀಯ," ಅಂದ ಚಾವಡಿಯವನು.

"ಹೌದು ಬುದ್ಧಿ."

"ನಿನ್ನ ಒಳ್ಳೇದಕ್ಕೆ, ಈ ಹೆಂಗಸರ ಒಳ್ಳೇದಕ್ಕೆ ಕೊಟ್ಟ ಕಲ್ಲು ಅದು. ಹಿಂದೆ ಒಬ್ಬ ಓಡಿಹೋದಾಗ ಬಂದು ಅತ್ತೋರು ಇವರೇ ತಾನೆ?"

ನಾವು ನೆಲ ನೋಡಿದ್ವಿ. ಅದು ನಿಜ ಅಲ್ವಾ.

ಗಂಟಿನವಳು ಮಾತ್ರ ನೆಲ ನೋಡ್ಲಿಲ್ಲ. "ಓಡೋರನ್ನ ತಡೆಯೋಕೆ ಕಲ್ಲು ಕಟ್ಟಿದ್ರಿ ಬುದ್ಧಿ. ಓಡಿದೋನು ಓಡಿಹೋದ. ನಡೆಯೋರು ನಿಂತುಹೋದ್ರು. ಲೆಕ್ಕ ಕೇಳಿ, ಕೊಡ್ತೀನಿ. ಕುಡಿಕೆ ತೋರಿಸು ಅನ್ನಿ, ತೋರಿಸ್ತೀನಿ. ಯಾರ ಗಂಟು ಯಾರಿಗೆ ತಲುಪ್ತು ಅಂತ ಮನೆಮನೆಗೂ ಹೋಗಿ ವಿಚಾರಿಸಿ, ಜೊತೇಲಿ ಬರ್ತೀನಿ. ಅದ್ಯಾವುದನ್ನೂ ಒಂದು ದಿನಾನೂ ಕೇಳ್ಲಿಲ್ಲ ನೀವು. ನೀವು ತೂಗಿದ್ದು ಕಲ್ಲನ್ನ."

ಚಾವಡಿಯವನ ಕಿವಿ ಕೆಂಪಾಯ್ತು. ಕೈ ಚಾಚಿ ಸೆರಗಿನ ಒಂದು ಗಂಟು ಹಿಡಿದು ತಾನೇ ಬಿಚ್ಚಿದ. ಬ್ಯಾಡ ಅಂತ ನಾವು ಕೂಗೋ ಹೊತ್ತಿಗೆ ಬಿಚ್ಚೇಬಿಟ್ಟ. ಒಳಗೆ ಏನೂ ಇಲ್ಲ. ಕೊಡವಿದ. ಏನೂ ಇಲ್ಲ. ಹೊಳೆ ಈಚೆ ಅಷ್ಟು ವರ್ಷ ತೆರಿಗೆ ಎತ್ತಿದೋನು, ಗಂಟಿನೊಳಗೆ ದುಡ್ಡಿರುತ್ತೆ ಅಂತಲೇ ತಿಳಿದಿದ್ದ ಆ ಪುಣ್ಯಾತ್ಮ!

"ದುಡ್ಡೆಲ್ಲಿ?"

"ಆಚೆ ಇದೆ, ಈಚೆ ಇದೆ. ನಡುವೆ ಇರೋದು ನಾನೊಬ್ಬಳು."

"ಕತ್ತರಿಸೋ ಸೆರಗನ್ನ," ಅಂದ ಆಳಿಗೆ. "ಗಂಟು ಸಮೇತ ಚಾವಡಿಗೆ ತಗೊಂಡು ನಡಿ. ಕಲ್ಲಿಲ್ಲದೆ ಹೊತ್ತ ಗಂಟೆಲ್ಲ ಚಾವಡೀದು."

ಕತ್ತರಿ ಬಾಯಿ ತೆರೀತು. ಆಗ ಕುಂಬಾರರ ಸೊಸೆ ನಡೆದ್ಲು. ಓಡ್ಲಿಲ್ಲ, ಓಡೋ ಹಾಗಿರ್ಲಿಲ್ಲ ಅವಳು. ಹೊಟ್ಟೇನ ಕತ್ತರಿಗೆ ಅಡ್ಡ ಇಟ್ಲು. ಆಳು ಹಿಂದೆ ಸರಿದ, ಅವನಿಗೂ ಅಕ್ಕತಂಗೀರು ಇದಾರಲ್ಲ. ಹುಡುಗಿ ಸೆರಗನ್ನ ಅಂಗೈ ಮೇಲೆ ಹರಡಿ ಹುಡುಕಿದ್ಲು. ಹುಣಸೆಬೀಜ ಹುಡುಕಿದ್ಲು. ಇರ್ಲಿಲ್ಲ.

ಇಡೀ ಊರು ಸೆರಗಿನ ಮೇಲೆ ಬಗ್ಗಿ ಹುಡುಕಿತು. ನಾನೂನೂ.

ಗಂಟಿನವಳು ಸೆರಗಿನ ಒಂದು ಮೂಲೆ ಮುಂದಕ್ಕೆ ಚಾಚಿದ್ಲು. ಅಲ್ಲೊಂದು ಗಂಟಿತ್ತು, ಸೊಟ್ಟ, ಸಡಿಲ, ಯಾರ ಮನೇದೂ ಅಲ್ಲದ ಹಾಗೆ.

"ಕಟ್ಟಿದ ಕೈ..." ಅಂದ್ಲು. ಆ ಮಾತು ಅವಳ ಬಾಯಲ್ಲಿ ಯಾವತ್ತೂ ತಡವರಿಸಿದ್ದಿಲ್ಲ. "ಕಟ್ಟಿದ ಕೈ ಈಗ ಒಂದೇ ಕಣೇ ಮಗಳೇ, ಇನ್ನೊಂದು ಬೆಟ್ಟದಡಿ ಹೋಯ್ತು. ಆದ್ರೆ ಚೆನ್ನಾಗಿದೆ."

ಹುಡುಗಿ ಆ ಗಂಟನ್ನ ಹತ್ತಿರ ಹಿಡಿದು ನೋಡಿದ್ಲು. ಎಡಕ್ಕೆ ಸುತ್ತಿದ ಗಂಟು. ಒಂದು ತುದೀಲಿ ಹಲ್ಲಿನ ಗುರುತು. ನೋಡ್ತಾ ನೋಡ್ತಾ ಅವಳ ಮುಖ ಒಡೀತು, ಅಳು ಅಂದ್ಕೊಂಡೆ ನಾನು. ನಗು.

"ಹಲ್ಲಲ್ಲಿ ಕಚ್ಚಿ ಎಳೆದಿದಾನೆ ನೋಡಿ, ಕೋತಿ! ಬೀಡಿ ವಾಸನೆ ಇನ್ನೂ ಹೋಗಿಲ್ಲ. ಬಿಡು ಅಂದಿದ್ದೆ ಬೀಡೀನ."

ಅಂದು, ಆ ಗಂಟನ್ನ ತಾನೂ ಹಲ್ಲಿಗೇ ಕೊಟ್ಟು ಬಿಚ್ಚಿದ್ಲು. ಚಾವಡಿಯವನ ಮೂಗಿನ ಮುಂದೇನೇ ಬಿಚ್ಚಿದ್ಲು. ಸುಕ್ಕನ್ನ ಕಣ್ಣಿಗೊತ್ಕೊಂಡ್ಲು. "ಬಿಚ್ಚಿದ ಕೈಯೂ ಚೆನ್ನಾಗಿದೆ," ಅಂದ್ಲು.

ನಂಗೆ ಆಗ ಹೊಳೀತು. ಬುದ್ಧಿವಂತಿಕೆ ಏನಲ್ಲ, ನಮ್ಮೂರ ಪದ್ಧತಿ ಅಷ್ಟೇ. ಮನೆಯವಳು ಬಿಚ್ಚಿದ್ಲು ಅಂದ್ರೆ ಗಂಟು ತಲುಪ್ತು. ತಲುಪಿದ್ದನ್ನ ಯಾವ ಚಾವಡಿ ಹಿಡಿಯುತ್ತೆ?

"ಸರಿಯಿರೇ," ಅಂತ ಎಲ್ಲರನ್ನೂ ತಳ್ಕೊಂಡು ಮುಂದೆ ಹೋದೆ. "ನಂದೆಲ್ಲೇ, ನಮ್ಮನೆ ಇಲಿಕಿವಿ ಎಲ್ಲಿ?"

"ಇಲ್ಲಿದೆ ಕಣಕ್ಕ. ಕಟ್ಟಿದ ಕೈ ಚೆನ್ನಾಗಿದೆ."

"ಗೊರಕೆ?"

"ಅದೂ ಚೆನ್ನಾಗಿದೆ. ಬೆಟ್ಟ ಕುಸಿದಿದ್ದು ಅದಕ್ಕೇ ಅಂತಾರೆ ಅಲ್ಲಿ."

ಬಿಚ್ಚಿದೆ. ನನ್ನ ಹಿಂದೆ ಅಗಸರವಳು ಬಿಚ್ಚಿದ್ಲು. ಹೂ ಮಾರೋಳು ಬಿಚ್ಚಿದ್ಲು. ಕಿವುಡಿ ಅಜ್ಜಿ ಬಿಚ್ಚಿದ್ಲು, "ಬಿಚ್ಚಿದ ಕೈಯೂ ಚೆನ್ನಾಗಿದೆ" ಅಂತ ಸೇತುವೆ ನಡುಗೋ ಹಾಗೆ ಕೂಗಿದ್ಲು. ಕತ್ತರಿಯವನು ಒಂದು ಗಂಟಿಗೆ ಬಾಯಿ ಹಾಕೋ ಹೊತ್ತಿಗೆ ಅದು ಬಿಚ್ಚಿಹೋಗಿರೋದು, ಇನ್ನೊಂದಕ್ಕೆ ಹೋಗೋ ಹೊತ್ತಿಗೆ ಅದೂ ಇಲ್ಲ. ಚಾವಡಿಯವನು ಬಿಚ್ಚಿದ್ದ ಗಂಟಿನ ಮನೆಯವಳು ಮಾತ್ರ ಅತ್ಲು. ಅಲ್ಲೇ ಆ ಸುಕ್ಕನ್ನ ಸುತ್ತು ಸುತ್ತಾಗಿ ಮತ್ತೆ ಕಟ್ಟಿ, ತಾನೇ ಬಿಚ್ಚಿ, ಆಮೇಲೆ ಸುಮ್ಮನಾದ್ಲು.

ಕೊನೆಗೆ ಸೆರಗು ಬರೀ ಸೆರಗಾಗಿತ್ತು. ಗಂಟಿನವಳು ಅದನ್ನ ಕೊಡವಿ ಹೆಗಲ ಮೇಲೆ ಹಾಕ್ಕೊಂಡ್ಲು.

"ಹಿಡ್ಕೊಳ್ಳಿ ಬುದ್ಧಿ," ಅಂದ್ಲು.

ಚಾವಡಿಯವನಿಗೆ ಹಿಡಿಯೋಕೆ ಏನೂ ಇರ್ಲಿಲ್ಲ. ಸುತ್ತ ನೋಡಿದ. ಕಲ್ಲು ಕಂಡಿತು.

"ಆ ಕಲ್ಲನ್ನ ಚಾವಡಿಗೆ ತಂದು ಒಪ್ಪಿಸು."

"ಅದರ ತೂಕ ಕಟ್ಟಿದೀನಿ ನಾನು. ಓಲೆ ಕಟ್ಟಿದೀನಿ, ಹಸು ಕಟ್ಟಿದೀನಿ. ಬೇಕಾದೋರು ಹೊತ್ಕೊಂಡು ಹೋಗ್ಲಿ. ನಾನು ಹೊರಲ್ಲ."

ಆ ಮಾತು ಅವಳು ಜೋರಾಗಿ ಹೇಳ್ಲಿಲ್ಲ. ಹೊಸ್ತಿಲಲ್ಲಿ ಸೊಂಟದವರೆಗೂ ಹೂತಿದ್ದ ಮುದುಕನಿಗೂ ಕೇಳಿಸ್ತು ಅಂತೆ. ಅವನು ಅವತ್ತು ಕೊರಳ ಹಗ್ಗ ತೆಗೆದು ಪಕ್ಕಕ್ಕಿಟ್ಟು, ಒಂದು ಕಾಲು ಮೇಲಕ್ಕೆ ಎಳ್ಕೊಂಡ ಅಂತೆ. ಇನ್ನೊಂದು ಕಾಲು ಇನ್ನೂ ಒಳಗಿದೆ. ಎಳೀತಾ ಇದಾನೆ.

ಕುಂಬಾರರ ಸೊಸೆಗೆ ಆ ಸಂಜೇನೇ ನೋವು ಕಾಣಿಸ್ತು. ಹೆಣ್ಣು. ಬಿಚ್ಚಿದ ಕೈಯಲ್ಲೇ ಎತ್ಕೊಂಡ್ಲು. ಸೂಲಗಿತ್ತಿಗೆ ಕೊಡೋಕೆ ಗಂಟಿನವಳ ಕುಡಿಕೆಯಿಂದ ದುಡ್ಡು ಹೋಯ್ತು, ಸುತ್ತು ಎಷ್ಟಿತ್ತೋ ಅಷ್ಟೂ, ಒಂದು ಕಾಸು ಕಮ್ಮಿ.

ಚಾವಡಿ ಸುಮ್ಮನಿರುತ್ತಾ? ಮಾರನೇ ವಾರ ಹೊಸ ತಮಟೆ. ಸೆರಗಲ್ಲಿ ಗಂಟು ಕಂಡ್ರೆ ಸೇತುವೆ ಬಾಗಿಲಲ್ಲಿ ಬಿಚ್ಚಿಸಿ ನೋಡ್ತಾರಂತೆ. ನೋಡ್ಲಿ. ಯಾವ ಹೆಂಗಸಿನ ಸೆರಗಲ್ಲಿ ಗಂಟಿಲ್ಲ ಹೇಳಿ? ಗಂಟಿನವಳು ಹೊರಟ ದಿನ ನಾವೆಲ್ಲ ಸೇತುವೆಗೆ ಹೊರಟ್ವಿ. ಕಾವಲಿನವನು ಬಿಚ್ಚಿದ್ದೂ ಬಿಚ್ಚಿದ್ದೇ. ಅಗಸರವಳ ಗಂಟಲ್ಲಿ ಬೀಗದ ಕೈ. ಹೂವಿನವಳದ್ರಲ್ಲಿ ಕಡ್ಡಿಪುಡಿ. ಕಿವುಡಿ ಅಜ್ಜಿದ್ರಲ್ಲಿ ಉದುರಿದ ಹಲ್ಲು, ಅವಳದ್ದೇ. ಬಿಚ್ಚಿದೋನೇ ಕಟ್ಟಿಕೊಡು ಅಂತ ಅಜ್ಜಿ ಹಟ ಹಿಡಿದ್ಲು, ಅವನು ಕಟ್ಟಿದ್ದು ಸರಿಯಿಲ್ಲ ಅಂತ ಬಿಚ್ಚಿಸಿದ್ಲು, ಮತ್ತೆ ಕಟ್ಟಿಸಿದ್ಲು. ಅಷ್ಟು ಹೊತ್ತಿಗೆ ಗಂಟಿನವಳು ಅರ್ಧ ಸೇತುವೆ ದಾಟಿದ್ಲು. ಕೊರಳು ಖಾಲಿ, ನಡಿಗೆ ಬೀಸು.

ನನ್ನ ಸರದಿ ಬಂತು. ಕಾವಲಿನವನ ಹಣೆ ಬೆವರಿತ್ತು.

"ಎಲ್ಲಿಗಮ್ಮ?"

"ಆಚೆಗೆ."

"ಏನು ಹೊತ್ತಿದ್ದೀಯ?"

"ಹೊತ್ತಿಲ್ಲ ಕಣಪ್ಪ," ಅಂದೆ, "ಉಟ್ಟಿದ್ದೀನಿ. ಅದಕ್ಕೂ ಕಲ್ಲು ತೂಗ್ತೀಯೇನು?"